ತೈಲವರ್ಣ ಭಾವಚಿತ್ರಕಲೆಯಲ್ಲಿ ಪ್ರತಿಕೃತಿಯ ಸ್ಥಾನ

ವಿದ್ಯೆಯು ಗುರುಮುಖದಿಂದ ಬರತಕ್ಕದ್ದೆಂಬುದು ನಮ್ಮಲ್ಲಿ ಪರಂಪರೆಯಾಗಿ ನಡೆದುಬಂದ ನಂಬುಗೆಯು. ಆದರೆ ಗುರುವು ಕಾಲವಶನಾಗಿ ಎರಡು ಶತಮಾನಗಳು ಸಂದಿರುವಾಗ ಶಿಷ್ಯನು ಯಾರ ಬಳಿಗೆ ಹೋಗಬೇಕು? ಗುರುವಿನ ಕೃತಿಯ ಸಮ್ಮುಖದಲ್ಲಿ ಕುಳಿತು ಅದನ್ನೇ ತನ್ನ ಕೈಯಿಂದ ಮರಳಿ ಬರೆಯುವುದು ತೈಲವರ್ಣದ ಭಾವಚಿತ್ರಕಾರರು ಕಂಡುಕೊಂಡ ಉತ್ತರವಾಗಿರುವುದು. ಪರರ ಕೃತಿಯನ್ನು ನಕಲು ಮಾಡುವವನಿಗೆ ಸ್ವಂತ ಕೈ ಎಂದಿಗೂ ಬಾರದೆಂದು ಆಕ್ಷೇಪಿಸುವವರೂ ಉಂಟು. ಈ ವಿಷಯದಲ್ಲಿ ಇತಿಹಾಸವು ಏನನ್ನು ಹೇಳುವುದೆಂಬುದನ್ನು ನೋಡೋಣ.

ಮುದ್ರಿತ ಪಟಗಳ ಮೂಲಕ ನಮ್ಮ ಮನೆಮನೆಗೂ ಪರಿಚಿತರಾದ ರಾಜಾ ರವಿವರ್ಮರು, 1868ರಲ್ಲಿ ತಿರುವಾಂಕೂರಿನ ಅರಮನೆಗೆ ಬಂದ ಥಿಯೋಡರ್ ಜೆನ್ಸನ್ ಎಂಬ ಚಿತ್ರಕಾರನು ಬರೆಯುವುದನ್ನು ನೋಡಿ ತೈಲವರ್ಣದ ರೀತಿಯನ್ನು ಗ್ರಹಿಸಿದರು. ಅವರಿಗೆ ಕಣ್ಣೆದುರಿನಲ್ಲಿ ಕೆಲಸ ಮಾಡುವ ಕೈಯೊಂದು ದೊರೆತಿತ್ತು. ಹೆಚ್ಚುಕಡಿಮೆ ಅದೇ ಕಾಲದ ಜಾನ್ ಸಿಂಗರ್ ಸಾರ್ಜೆಂಟನು ಆದರ್ಶವಾಗಿ ವರಿಸಿದ ಸ್ಪೇನ್ ದೇಶದ ವೆಲಾಸ್ಕೆಸನಾದರೋ 1660ರಲ್ಲಿಯೇ ತೀರಿಕೊಂಡಿದ್ದನು.

ಕಂಡುದನ್ನು ಕಂಡಂತೆ ಬರೆಯುವುದರಲ್ಲಿ ಅಗ್ರಗಣ್ಯನಾದ ಈ ವೆಲಾಸ್ಕೆಸನು 1599ರಲ್ಲಿ ಸೆವಿಲ್ ನಗರದಲ್ಲಿ ಜನಿಸಿ, 1623ರಲ್ಲಿ ಅರಸನಾದ 4ನೆಯ ಫಿಲಿಪನ ಆಸ್ಥಾನಚಿತ್ರಕಾರನಾದನು. 1628ರಲ್ಲಿ ಸುಪ್ರಸಿದ್ಧನಾದ ರೂಬೆನ್ಸನು ರಾಜಕಾರ್ಯದ ನಿಮಿತ್ತವಾಗಿ ಮ್ಯಾಡ್ರಿಡ್ಡಿಗೆ ಬಂದನು. ಆಗ ಅವನಿಗೆ 51 ವರ್ಷ; ಕೀರ್ತಿಯು ಯುರೋಪಿನಲ್ಲೆಲ್ಲ ಹಬ್ಬಿದ್ದಿತು. ಹಾಗಿದ್ದರೂ ಅರಮನೆಯಲ್ಲಿದ್ದ ಟಿಷಿಯನ್ನನ ಚಿತ್ರಗಳನ್ನು ಅವನು ವಿದ್ಯಾರ್ಥಿಯಂತೆ ಕುಳಿತು ಪ್ರತಿಮಾಡಿದನು. 29 ವರ್ಷದ ವೆಲಾಸ್ಕೆಸನು ಅದೇ ಆಸ್ಥಾನದಲ್ಲಿದ್ದನು. ಪ್ರತಿಕೃತಿಯು ಬಾಲಕರ ಅಭ್ಯಾಸಕ್ಕೆ ಮಾತ್ರ ಮೀಸಲಾದುದಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು.

ಸಾರ್ಜೆಂಟನು 1856ರಲ್ಲಿ ಅಮೆರಿಕನ್ ತಂದೆತಾಯಿಗಳಿಗೆ ಫ್ಲಾರೆನ್ಸಿನಲ್ಲಿ ಜನಿಸಿದವನು. 1874ರಲ್ಲಿ ಪ್ಯಾರಿಸಿನಲ್ಲಿ ಕರೋಲುಸ್ ಡ್ಯುರಾನನ ಚಿತ್ರಶಾಲೆಯನ್ನು ಸೇರಿದನು. ಡ್ಯುರಾನನು ಸ್ವತಃ ಸ್ಪೇನಿನಲ್ಲಿ ವೆಲಾಸ್ಕೆಸನ ಕೃತಿಗಳನ್ನು ಅಭ್ಯಸಿಸಿದವನಾದುದರಿಂದ ಶಿಷ್ಯರಿಗೂ ಅದೇ ಮಾರ್ಗವನ್ನು ಬೋಧಿಸುತ್ತಿದ್ದನು. 1879ರಲ್ಲಿ ಸಾರ್ಜೆಂಟನು ಮ್ಯಾಡ್ರಿಡ್ಡಿನ ಪ್ರಾಡೊ ವಸ್ತುಸಂಗ್ರಹಾಲಯಕ್ಕೆ ಹೋಗಿ, ವೆಲಾಸ್ಕೆಸನು 1656ರಲ್ಲಿ ಬರೆದ ‘ಲಾಸ್ ಮೆನಿನಾಸ್’ ಎಂಬ ಚಿತ್ರವನ್ನು ಚಿಕ್ಕ ಅಳತೆಯಲ್ಲಿ ಪ್ರತಿಮಾಡಿದನು. ಮೂಲವು ಸುಮಾರು ಹತ್ತೂವರೆ ಅಡಿ ಎತ್ತರ, ಒಂಬತ್ತು ಅಡಿ ಅಗಲವಾಗಿರುವುದು. ನಡುವೆ ಎಳೆಯ ರಾಜಕುಮಾರಿಯು, ಬದಿಯಲ್ಲಿ ಸಖಿಯರು, ಕುಂಚ ಹಿಡಿದು ನಿಂತ ವೆಲಾಸ್ಕೆಸನು, ಹಿಂದಿನ ಕನ್ನಡಿಯಲ್ಲಿ ಅರಸನೂ ಅರಸಿಯೂ. ಇವರೆಲ್ಲರ ಮೇಲೆ ವಿಶಾಲವಾದ ಕತ್ತಲು.

ಇಂಥ ಚಿತ್ರವನ್ನು ಪ್ರತಿಮಾಡುವವನು ಕಲಿಯುವುದೇನು? ಹತ್ತಿರದಿಂದ ನೋಡಿದರೆ ಕಾಣುವುದು ಬಣ್ಣದ ತೇಪೆಗಳು ಮಾತ್ರ; ನಾಲ್ಕು ಹೆಜ್ಜೆ ಹಿಂದೆ ಸರಿದೊಡನೆ ಅವೇ ರೇಷ್ಮೆಯೂ ಕೂದಲೂ ಆಗುವುವು. ನೋಡುವವನು ಬೆರಗಾಗಿ ಮುಂದೆ ನಡೆಯಬಹುದು. ಬರೆಯುವವನು ಪ್ರತಿಯೊಂದು ತೇಪೆಗೂ ಕಾರಣವನ್ನು ಹುಡುಕಲೇಬೇಕು. ಮೊದಲು ಬೆಳಕಿಗೂ ನೆರಳಿಗೂ ನಡುವಣ ಛಾಯೆಯನ್ನು ಹರಡಿ, ಅನಂತರ ಕಡುನೆರಳನ್ನೂ ಕೊನೆಯಲ್ಲಿ ಉಜ್ಜ್ವಲವಾದ ಬೆಳಕನ್ನೂ ಇಡುವ ಕ್ರಮವು ಆಗ ತಿಳಿಯುವುದು. ತಳದ ಲೇಪದಲ್ಲಿ ಎಣ್ಣೆಯು ಕಡಿಮೆಯಾಗಿಯೂ ಮೇಲಿನದರಲ್ಲಿ ಹೆಚ್ಚಾಗಿಯೂ ಇರಬೇಕು. ವಿಪರೀತವಾದರೆ ಬಣ್ಣವು ಕಾಲಕ್ರಮದಲ್ಲಿ ಬಿರಿಯುವುದು. ಎಲ್ಲಕ್ಕಿಂತ ಮಿಗಿಲಾಗಿ, ಗುರುವು ಯಾವುದನ್ನು ಬರೆಯದೆ ಬಿಟ್ಟನೆಂಬುದು ಗೋಚರವಾಗುವುದು.

ಪ್ರತಿಕೃತಿಗೂ ಮೋಸಕ್ಕೂ ನಡುವೆ ಇರುವ ಗೆರೆಯನ್ನು ಮರೆಯಲಾಗದು. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿ ಪ್ರತಿಯ ಅಳತೆಯು ಮೂಲಕ್ಕಿಂತ ಐದನೆಯ ಒಂದು ಪಾಲು ಹೆಚ್ಚಾಗಿಯಾಗಲಿ ಕಡಿಮೆಯಾಗಿಯಾಗಲಿ ಇರಬೇಕು. ಮೂಲದ ಸಹಿಯನ್ನು ಬರೆಯಕೂಡದು. ವಿದ್ಯೆಯನ್ನು ಪಡೆಯಬಹುದು, ಹೆಸರನ್ನು ಅಪಹರಿಸಬಾರದೆಂಬುದು ಈ ನಿಯಮದ ತಾತ್ಪರ್ಯವು.

ಇನ್ನು ಫಲವನ್ನು ನೋಡೋಣ. ಸಾರ್ಜೆಂಟನು 1882ರಲ್ಲಿ ಎಡ್ವರ್ಡ್ ಡಾರ್ಲಿ ಬಾಯ್ಟನ ನಾಲ್ವರು ಹೆಣ್ಣುಮಕ್ಕಳ ಚಿತ್ರವನ್ನು ಬರೆದನು. ಅಲ್ಲಿಯೂ ಮಕ್ಕಳಿರುವರು, ವಿಶಾಲವಾದ ಕೋಣೆಯಿರುವುದು, ಹಿಂದೆ ಆಳವಾದ ಕತ್ತಲಿರುವುದು. ಆದರೆ ಅರಸನಿಲ್ಲ, ಸಖಿಯರಿಲ್ಲ. ಆಳೆತ್ತರವನ್ನೂ ಮೀರಿದ ಜಪಾನೀ ಹೂದಾನಿಗಳ ನಡುವೆ ಮಕ್ಕಳು ದೂರದೂರವಾಗಿ ಇರುವರು. ಇಂಥ ವಿನ್ಯಾಸವು ಆ ಕಾಲದ ಕೆಲವು ವಿಮರ್ಶಕರಿಗೆ ವಿಚಿತ್ರವಾಗಿ ತೋರಿತು. ಬೆಳಕನ್ನು ಕತ್ತಲಿನಿಂದ ಎತ್ತುವ ಬಗೆಯು ವೆಲಾಸ್ಕೆಸನದು. ಬಾಲ್ಯದ ಆ ಏಕಾಂತವು ಸಾರ್ಜೆಂಟನದೇ.

ಆ ಸೋದರಿಯರು ಈ ಚಿತ್ರವನ್ನು 1919ರಲ್ಲಿ ಬಾಸ್ಟನ್ ನಗರದ ಕಲಾಸಂಗ್ರಹಾಲಯಕ್ಕೆ ದಾನವಾಗಿತ್ತರು. 2010ರಲ್ಲಿ ಅದು ಅತಿಥಿಯಾಗಿ ಪ್ರಾಡೊ ಸಂಗ್ರಹಾಲಯಕ್ಕೆ ಹೋಗಿ, ಕೆಲವು ಕಾಲ ‘ಲಾಸ್ ಮೆನಿನಾಸ್’ ಚಿತ್ರದ ಬಳಿಯಲ್ಲಿ ಪ್ರದರ್ಶಿತವಾಯಿತು. 23 ವರ್ಷದ ತರುಣನು ಪ್ರತಿಕಾರನಾಗಿ ಕುಳಿತ ಆ ಸಂಗ್ರಹಾಲಯದಲ್ಲಿಯೇ, 131 ವರ್ಷಗಳ ಮೇಲೆ, ಅವನ ಸ್ವಂತ ಕೃತಿಗೆ ಗುರುವಿನ ಕೃತಿಯ ಸಮೀಪದಲ್ಲಿ ಸ್ಥಾನವು ದೊರೆಯಿತು. ಶ್ರದ್ಧೆಯಿಂದ ಅನುಸರಿಸಿದ ಕೈಗೆ ಸ್ವಂತಿಕೆಯು ಬಾರದೆನ್ನುವವರಿಗೆ ಇದಕ್ಕಿಂತ ಬೇರೆ ಸಮಾಧಾನವು ಬೇಕಾಗಲಾರದು.