ಕುದುರೆ ಮೆಂತೆಯ ಬೇಸಾಯ: ಮೇವು ಮತ್ತು ಗೊಬ್ಬರದ ನಂಟಿನ ಚರಿತ್ರೆ

ಅಮೆರಿಕದಲ್ಲಿ ಆಲ್ಫಾಲ್ಫಾ, ಯುರೋಪಿನಲ್ಲಿ ಲೂಸರ್ನ್, ಕನ್ನಡ ನಾಡಿನ ಹೈನುಗಾರರಲ್ಲಿ ಕುದುರೆ ಮೆಂತೆ ಅಥವಾ ಕುದುರೆ ಮಸಾಲೆ ಎಂದು ಕರೆಸಿಕೊಳ್ಳುವ ಮೇವಿನ ಬೆಳೆಯ ಸಸ್ಯಶಾಸ್ತ್ರೀಯ ಹೆಸರು ಮೆಡಿಕಾಗೊ ಸಟೈವಾ. ಇದು ದ್ವಿದಳ ಧಾನ್ಯಗಳ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಸಸ್ಯ. ಒಮ್ಮೆ ಬಿತ್ತಿದರೆ ಹಲವು ವರ್ಷ ಉಳಿದು, ಕೊಯ್ದಷ್ಟೂ ಬುಡದಿಂದ ಮತ್ತೆ ಚಿಗುರುವುದು ಇದರ ಗುಣ. ಈ ಬೆಳೆಯನ್ನು ರಾಸಾಯನಿಕ ಗೊಬ್ಬರ ಮತ್ತು ಕೀಟನಾಶಕಗಳಿಲ್ಲದೆ ಬೆಳೆಯುವ ಪದ್ಧತಿಯನ್ನು ಇಂದು ಸಾವಯವ ಎಂಬ ಹೆಸರಿನಿಂದ ಗುರುತಿಸಲಾಗುತ್ತದೆ ಮತ್ತು ಅದನ್ನು ಇಪ್ಪತ್ತನೆಯ ಶತಮಾನದ ಚಳವಳಿಯೊಂದರ ಫಲವೆಂದು ಬಗೆಯಲಾಗುತ್ತದೆ. ಹೆಸರು ಹೊಸದಾದರೂ ಪದ್ಧತಿ ಹೊಸದಲ್ಲ. ಗೊಬ್ಬರ, ಕಳೆ, ಕೀಟ, ಬೀಜ ಎಂಬ ನಾಲ್ಕು ಪ್ರಶ್ನೆಗಳಿಗೆ ಬೇರೆ ಬೇರೆ ಕಾಲದ ಕೃಷಿಕರು ಕಂಡುಕೊಂಡ ಉತ್ತರಗಳನ್ನು ಸಾಲಾಗಿ ಇಟ್ಟು ನೋಡಿದಾಗ, ಮೇವನ್ನು ತಿನ್ನುವ ಪ್ರಾಣಿ ಮತ್ತು ಮೇವನ್ನು ಬೆಳೆಯುವ ಮಣ್ಣು ಒಂದಕ್ಕೊಂದು ಹತ್ತಿರವಿದ್ದಲ್ಲೆಲ್ಲ ಈ ಬೆಳೆ ಬಾಳಿದೆ ಎಂಬುದು ತಿಳಿದುಬರುತ್ತದೆ.

ಹೆಸರುಗಳು ನೀಡುವ ಸಾಕ್ಷ್ಯ

ಕುದುರೆ ಮೆಂತೆಯ ಮೂಲ ನೆಲೆ ಕಾಕಸಸ್ ಪರ್ವತಸೀಮೆ, ವಾಯವ್ಯ ಇರಾನ್ ಮತ್ತು ತುರ್ಕಮೆನಿಸ್ತಾನದ ಎತ್ತರದ ಪ್ರದೇಶಗಳು. ಪ್ರಾಚೀನ ಇರಾನಿನ ಭಾಷೆಗಳಲ್ಲಿ ಇದನ್ನು ‘ಅಸ್ಪಸ್ತ್’ ಎಂಬ ಪದದಿಂದ ಕರೆಯುತ್ತಿದ್ದರು. ಅದರ ಅರ್ಥ ಕುದುರೆಯ ಮೇವು. ಗ್ರೀಕರು ಇದನ್ನು ‘ಮೆಡಿಕೆ’, ಅಂದರೆ ಪ್ರಾಚೀನ ಇರಾನಿನ ಮೀಡಿಯಾ ದೇಶದ ಹುಲ್ಲು, ಎಂದು ಕರೆದರು. ಇಂದಿನ ಕುಲನಾಮವಾದ ಮೆಡಿಕಾಗೊ ಹುಟ್ಟಿದ್ದು ಆ ಪದದಿಂದಲೇ. ಪರ್ಷಿಯದ ದೊರೆ ದಾರಯವಹುಷನ ಯುದ್ಧಗಳ ಕಾಲದಲ್ಲಿ ಇದು ಗ್ರೀಸಿಗೆ ಬಂದಿತೆಂದು ರೋಮಿನ ಪ್ಲಿನಿ ದಾಖಲಿಸಿದ್ದಾನೆ. ಕ್ರಿ.ಪೂ. 424ರಲ್ಲಿ ರಂಗಕ್ಕೆ ಬಂದ ಅರಿಸ್ಟೊಫೇನಿಸನ ನಾಟಕವೊಂದರಲ್ಲಿ ಕುದುರೆಗಳ ಆಹಾರವಾಗಿ ಇದರ ಪ್ರಸ್ತಾಪ ಬರುವುದರಿಂದ, ಆ ವೇಳೆಗಾಗಲೇ ಅಥೆನ್ಸಿನ ಜನಸಾಮಾನ್ಯರಿಗೂ ಇದು ಪರಿಚಿತವಾಗಿತ್ತೆಂದು ತಿಳಿಯಬಹುದು.

ಪೂರ್ವಕ್ಕೂ ಇದು ಕುದುರೆಯೊಂದಿಗೇ ಪಯಣಿಸಿತು. ಹಾನ್ ವಂಶದ ಚಕ್ರವರ್ತಿ ವೂ ಫರ್ಗಾನಾ ಕಣಿವೆಯ ಶ್ರೇಷ್ಠ ಕುದುರೆಗಳನ್ನು ಬಯಸಿದಾಗ, ಅವುಗಳಿಗೆ ರುಚಿಸುವ ಮೇವಿನ ಬೀಜವನ್ನೂ ದ್ರಾಕ್ಷಿಯ ಬೀಜವನ್ನೂ ದೂತರು ಚೀನಕ್ಕೆ ತಂದರೆಂದೂ, ಅರಮನೆಗಳ ಸುತ್ತ ಅದನ್ನು ಬಿತ್ತಲಾಯಿತೆಂದೂ ಇತಿಹಾಸಕಾರ ಸಿಮಾ ಚಿಯಾನ್ ಬರೆದಿದ್ದಾನೆ. ಆರನೆಯ ಶತಮಾನದಲ್ಲಿ ಇರಾನಿನ ಸಸಾನಿ ದೊರೆ ಮೊದಲನೆಯ ಖುಸ್ರೋ ಭೂಕಂದಾಯವನ್ನು ಹೊಸದಾಗಿ ಗೊತ್ತುಪಡಿಸಿದಾಗ, ಗೋಧಿ ಮತ್ತು ಜವೆಗೋಧಿಯ ಭೂಮಿಗೆ ವಿಧಿಸಿದ ತೆರಿಗೆಯ ಏಳು ಪಟ್ಟನ್ನು ಈ ಮೇವಿನ ಭೂಮಿಗೆ ವಿಧಿಸಿದನು. ಮನುಷ್ಯರ ಅನ್ನಕ್ಕಿಂತ ಕುದುರೆಯ ಮೇವಿಗೆ ಹೆಚ್ಚು ತೆರಿಗೆ ಬಿದ್ದುದರಿಂದ, ಅಶ್ವಸೈನ್ಯವನ್ನು ನೆಚ್ಚಿದ ರಾಜ್ಯದಲ್ಲಿ ಆ ಬೆಳೆ ಎಷ್ಟು ಆದಾಯ ತರುತ್ತಿತ್ತೆಂಬುದು ಸ್ಪಷ್ಟವಾಗುತ್ತದೆ.

ಇರಾನಿನ ಪದ ಅರಬ್ಬೀ ಭಾಷೆಗೆ ಹೋಗಿ, ಅಲ್ಲಿಂದ ಸ್ಪೇನಿಗೆ ದಾಟಿ ‘ಆಲ್ಫಾಲ್ಫಾ’ ಆಯಿತು. ಕನ್ನಡದ ಹೆಸರು ಈ ಸರಪಳಿಗೆ ಸೇರಿದ್ದಲ್ಲವಾದರೂ ಅದರ ಪೂರ್ವಪದದಲ್ಲಿ ಕುದುರೆಯೇ ನಿಂತಿದೆ. ಉತ್ತರಪದವಾದ ಮೆಂತೆಯೂ ಅಷ್ಟೇ ಅರ್ಥಪೂರ್ಣವಾದುದು. ಅಡುಗೆಮನೆಯ ಮೆಂತ್ಯ ಮತ್ತು ಈ ಮೇವು ಸಸ್ಯಶಾಸ್ತ್ರದಲ್ಲಿ ಹತ್ತಿರದ ಬಂಧುಗಳಾಗಿದ್ದು, ಒಂದು ತೊಟ್ಟಿಗೆ ಮೂರು ಕಿರುಎಲೆಗಳಿರುವ ಸೊಪ್ಪನ್ನು ನೋಡಿ ಹೆಸರಿಟ್ಟ ರೈತರ ಕಣ್ಣು ಆ ಬಂಧುತ್ವವನ್ನು ಸರಿಯಾಗಿಯೇ ಗುರುತಿಸಿದೆ.

ಕೊಲುಮೆಲ್ಲನ ಮಡಿಗಳು

ಈ ಬೆಳೆಯ ಬೇಸಾಯಕ್ರಮವನ್ನು ವಿವರವಾಗಿ ತಿಳಿಸುವ ಪ್ರಾಚೀನ ಗ್ರಂಥಗಳಲ್ಲಿ ಕ್ರಿ.ಶ. ಒಂದನೆಯ ಶತಮಾನದ ರೋಮನ್ ಲೇಖಕ ಕೊಲುಮೆಲ್ಲನ ಕೃಷಿಗ್ರಂಥಕ್ಕೆ ವಿಶೇಷ ಸ್ಥಾನವಿದೆ. ಭೂಮಿಯನ್ನು ಅಕ್ಟೋಬರಿನಲ್ಲಿ ಉತ್ತು ಚಳಿಗಾಲವಿಡೀ ಬಿಡಬೇಕು. ಫೆಬ್ರವರಿಯಲ್ಲಿ ಮತ್ತೆ ಉತ್ತು ಕಲ್ಲುಗಳನ್ನು ಆರಿಸಿ ಹೆಂಟೆಗಳನ್ನು ಒಡೆಯಬೇಕು. ಮಾರ್ಚಿನಲ್ಲಿ ಮೂರನೆಯ ಉಳುಮೆ ಮಾಡಬೇಕು. ಬಳಿಕ ಹತ್ತು ಅಡಿ ಅಗಲ, ಐವತ್ತು ಅಡಿ ಉದ್ದದ ಮಡಿಗಳನ್ನು ಕಟ್ಟಿ, ನಡುವಿನ ಹಾದಿಗಳಿಂದ ನೀರು ಹಾಯಿಸಲು ಮತ್ತು ಎರಡೂ ಬದಿಯಿಂದ ಕಳೆ ಕೀಳಲು ಅನುಕೂಲ ಮಾಡಿಕೊಂಡು, ಹಳೆಯ ಕೊಟ್ಟಿಗೆ ಗೊಬ್ಬರವನ್ನು ಹರಡಿ, ಏಪ್ರಿಲ್ ಕೊನೆಯಲ್ಲಿ ಬೀಜ ಚೆಲ್ಲಬೇಕು ಎಂಬುದು ಅವನ ವಿಧಾನ. ಬಿತ್ತಿದ ಬೀಜವನ್ನು ಬಿಸಿಲು ಸುಡದಂತೆ ಮರದ ಕುಂಟೆಯಿಂದ ಕೂಡಲೇ ಮುಚ್ಚಬೇಕು, ಆಮೇಲೆ ಆ ನೆಲಕ್ಕೆ ಕಬ್ಬಿಣ ಸೋಕಬಾರದು, ಕಳೆಯನ್ನು ಪದೇ ಪದೇ ತೆಗೆಯುತ್ತಿರಬೇಕು ಎಂದೂ ಅವನು ವಿಧಿಸುತ್ತಾನೆ.

ಕೊಯ್ಲಿನ ಬಗೆಗೂ ಅವನ ಮಾತುಗಳು ಖಚಿತವಾಗಿವೆ. ಮೊದಲ ಕೊಯ್ಲನ್ನು ಗಿಡ ಸ್ವಲ್ಪ ಬೀಜ ಉದುರಿಸುವವರೆಗೆ ತಡಮಾಡಬೇಕು. ನಂತರದವನ್ನು ಎಳೆಯದಾಗಿರುವಾಗಲೇ ಕೊಯ್ಯಬಹುದು. ಪ್ರತಿ ಕೊಯ್ಲಿನ ನಂತರ ನೀರು ಕೊಟ್ಟು, ಚಿಗುರೊಡೆದಾಗ ಕಳೆ ತೆಗೆದರೆ ವರ್ಷಕ್ಕೆ ಆರು ಕೊಯ್ಲುಗಳವರೆಗೆ ದೊರೆತು, ಬೆಳೆ ಹತ್ತು ವರ್ಷ ಉಳಿಯುತ್ತದೆ. ಸುಮಾರು ಕಾಲು ಹೆಕ್ಟೇರಿನಷ್ಟಾಗುವ ಒಂದು ಯೂಗೆರಂ ಭೂಮಿ ಮೂರು ಕುದುರೆಗಳಿಗೆ ವರ್ಷಪೂರ್ತಿ ಸಾಕಾಗುತ್ತದೆ ಎಂಬುದು ಅವನ ಲೆಕ್ಕ. ಹೊಸ ಮೇವನ್ನು ಆರಂಭದಲ್ಲಿ ಮಿತವಾಗಿ ಕೊಡಬೇಕು, ಇಲ್ಲವಾದರೆ ದನಗಳ ಹೊಟ್ಟೆ ಉಬ್ಬುತ್ತದೆ ಎಂಬ ಅವನ ಎಚ್ಚರಿಕೆಯನ್ನು ಇಂದಿನ ಪಶುವೈದ್ಯರೂ ಹೇಳುತ್ತಾರೆ. ಈ ಹೊಟ್ಟೆಯುಬ್ಬರ ನಾರು ಕಡಿಮೆಯಿದ್ದು ಬೇಗ ಕರಗುವ ಸಸಾರಜನಕ ಹೆಚ್ಚಾಗಿರುವ ಎಳೆಯ ಸೊಪ್ಪಿನಿಂದ ಮೆಲುಕು ಹಾಕುವ ಪ್ರಾಣಿಗಳ ಮೊದಲ ಜಠರದಲ್ಲಿ ನೊರೆಗಟ್ಟಿದ ಅನಿಲ ಸಿಕ್ಕಿಬೀಳುವುದರಿಂದ ಆಗುವ ತೊಂದರೆ. ಮಾಗಿದ ಗೊಬ್ಬರ, ಕಳೆಯಿಲ್ಲದ ಹದವಾದ ನೆಲ, ಸಕಾಲದ ಕೊಯ್ಲು, ಮಿತವಾದ ಮೇವು: ಸಾವಯವ ಕುದುರೆ ಮೆಂತೆಯ ಕೈಪಿಡಿಗಳು ಇಂದಿಗೂ ನಿಂತಿರುವುದು ಈ ನಾಲ್ಕು ಕಂಬಗಳ ಮೇಲೆ.

ಸಾಲು ಮತ್ತು ಬೀಜ

ಕಳೆಯ ಪ್ರಶ್ನೆಗೆ ಮುಂದಿನ ಉತ್ತರ ಸಾಲುಬಿತ್ತನೆಯಿಂದ ಬಂದಿತು. ಇಂಗ್ಲೆಂಡಿನ ಜೆತ್ರೊ ಟಲ್ 1731ರಲ್ಲಿ ಪ್ರಕಟಿಸಿದ ಕೃಷಿಗ್ರಂಥದಲ್ಲಿ ಲೂಸರ್ನಿಗೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಇದನ್ನು ಸಾಲುಗಳಲ್ಲಿ ಬಿತ್ತಿ ನಡುವೆ ಕುದುರೆ ಎಳೆಯುವ ಎಡೆಕುಂಟೆಯನ್ನು ಹಾಯಿಸುವ ಕ್ರಮವನ್ನು ಪ್ರತಿಪಾದಿಸಿದನು. ದಖ್ಖನಿನ ರೈತರಿಗೆ ಕೂರಿಗೆ ಮತ್ತು ಎಡೆಕುಂಟೆಗಳು ಹೊಸ ಸಾಧನಗಳಾಗಿರಲಿಲ್ಲ. 1795ರಲ್ಲಿ ಕ್ಯಾಪ್ಟನ್ ಥಾಮಸ್ ಹಾಲ್ಕಾಟ್ ದಕ್ಷಿಣ ಭಾರತದ ಕೂರಿಗೆ ಬೇಸಾಯವನ್ನು ಕಂಡು ಇಂಗ್ಲೆಂಡಿಗೆ ವರದಿ ಮಾಡಿದ್ದನ್ನು ಇತಿಹಾಸಕಾರ ಧರಂಪಾಲರು ತಮ್ಮ ಗ್ರಂಥದ ಮೂಲಕ ಮತ್ತೆ ಬೆಳಕಿಗೆ ತಂದಿದ್ದಾರೆ.

ಬೀಜದ ಪ್ರಶ್ನೆಗೆ ಉತ್ತರ ಕೊಟ್ಟವನು ಒಬ್ಬ ವಲಸೆ ರೈತ. ಸ್ಪೇನಿನವರು ಹದಿನಾರನೆಯ ಶತಮಾನದಲ್ಲಿ ಅಮೆರಿಕ ಖಂಡಕ್ಕೆ ಒಯ್ದ ಈ ಬೆಳೆ, 1850ರ ದಶಕದಲ್ಲಿ ಚಿಲಿಯ ಬೀಜದ ಮೂಲಕ ಕ್ಯಾಲಿಫೋರ್ನಿಯದ ನೀರಾವರಿ ಭೂಮಿಯಲ್ಲಿ ಹಬ್ಬಿದರೂ ಉತ್ತರದ ಕಡುಚಳಿಯನ್ನು ತಾಳುತ್ತಿರಲಿಲ್ಲ. ಜರ್ಮನಿಯ ಬಾಡನ್ ಸೀಮೆಯಿಂದ 1857ರಲ್ಲಿ ಮಿನ್ನೆಸೋಟಾಕ್ಕೆ ಬಂದು ನೆಲೆಸಿದ ವೆಂಡೆಲಿನ್ ಗ್ರಿಮ್ ಊರಿನಿಂದ ತಂದ ಬೀಜವನ್ನು ಬಿತ್ತಿ, ಚಳಿಗೆ ಸಾಯದೆ ಉಳಿದ ಗಿಡಗಳಿಂದಷ್ಟೇ ಬೀಜ ತೆಗೆದು, ವರ್ಷ ವರ್ಷವೂ ಅದನ್ನೇ ಬಿತ್ತುತ್ತ ಹೋದನು. ಹೀಗೆ ರೂಪುಗೊಂಡ ಗ್ರಿಮ್ ತಳಿಯ ಮಹತ್ವವನ್ನು ವಿಜ್ಞಾನಿಗಳು ಅರಿತದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಒಂದು ನೆಲದಲ್ಲಿ ಬದುಕಿ ಉಳಿದ ಗಿಡದ ಬೀಜವೇ ಆ ನೆಲಕ್ಕೆ ಲೇಸು ಎಂಬ ಸಾವಯವ ಕೃಷಿಯ ನಂಬಿಕೆಗೆ ಇದಕ್ಕಿಂತ ಬಲವಾದ ನಿದರ್ಶನ ಸಿಗುವುದು ಅಪರೂಪ.

ಗಾಳಿಯಿಂದ ಬರುವುದು, ಮಣ್ಣಿನಿಂದ ಹೋಗುವುದು

ಈ ಬೆಳೆಯ ನಂತರ ಬಿತ್ತಿದ ಧಾನ್ಯ ಹುಲುಸಾಗಿ ಬರುತ್ತದೆಂಬುದು ಕೃಷಿಕರ ಅನುಭವದಲ್ಲಿದ್ದರೂ ಕಾರಣ ತಿಳಿದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಫ್ರಾನ್ಸಿನ ಬೂಸಾಂಗೊ 1830ರ ದಶಕದಲ್ಲಿ ಆಲ್ಸೇಸಿನ ತನ್ನ ಹೊಲದಲ್ಲಿ ಬೆಳೆಗಳ ಸಾರಜನಕದ ಜಮಾಖರ್ಚನ್ನು ಅಳೆದು, ದ್ವಿದಳ ಬೆಳೆಗಳಲ್ಲಿ ಕೊಟ್ಟದ್ದಕ್ಕಿಂತ ಹೆಚ್ಚು ಸಾರಜನಕ ಸಿಗುವುದನ್ನು ತೋರಿಸಿದನು. 1886ರಲ್ಲಿ ವಿಜ್ಞಾನಿಗಳಾದ ಹೆಲ್ರಿಗೆಲ್ ಮತ್ತು ವಿಲ್ಫಾರ್ಟ್ ಇದಕ್ಕೆ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಕಾರಣವೆಂದು ಸ್ಥಾಪಿಸಿದರು. 1888ರಲ್ಲಿ ಬೈಜೆರಿಂಕ್ ಅಂಥ ಬ್ಯಾಕ್ಟೀರಿಯವನ್ನು ಪ್ರತ್ಯೇಕಿಸಿದನು. ಆ ಬ್ಯಾಕ್ಟೀರಿಯ ಹೊಸ ನೆಲಕ್ಕೂ ಸೇರಲೆಂದು ಅಮೆರಿಕದ ರೈತರು ಹಳೆಯ ಆಲ್ಫಾಲ್ಫಾ ಹೊಲದ ಮಣ್ಣನ್ನು ಗಾಡಿಗಳಲ್ಲಿ ತಂದು ಹೊಸ ಹೊಲಕ್ಕೆ ಎರಚುವ ರೂಢಿಯೂ ಬೆಳೆಯಿತು. ಬೀಜಕ್ಕೆ ರೈಜೋಬಿಯಂ ಎಂಬ ಜೀವಾಣು ಗೊಬ್ಬರವನ್ನು ಲೇಪಿಸುವ ಇಂದಿನ ಬೀಜೋಪಚಾರದ ಕೆಲಸವೂ ಅದೇ.

ಆದರೆ ಇಲ್ಲಿಯೇ ಒಂದು ತಪ್ಪು ತಿಳಿವಳಿಕೆ ಹುಟ್ಟಿಕೊಂಡಿತು. ಗಾಳಿಯ ಸಾರಜನಕವನ್ನು ಬಳಸಿಕೊಳ್ಳುವ ಬೆಳೆಗೆ ಗೊಬ್ಬರವೇ ಬೇಡ ಎಂಬ ಭಾವನೆ ಸರಿಯಲ್ಲ. ಆಳಕ್ಕಿಳಿಯುವ ತಾಯಿಬೇರು ಕೆಳಪದರದಿಂದ ಪೊಟ್ಯಾಷ್, ರಂಜಕ, ಸುಣ್ಣಗಳನ್ನು ಹೀರಿ ಎಲೆಗೆ ತರುತ್ತದೆ. ಒಂದು ಟನ್ ಒಣಮೇವು ಹೊಲದಿಂದ ಸುಮಾರು 20ರಿಂದ 25 ಕಿಲೋ ಪೊಟ್ಯಾಷನ್ನು ಹೊರಗೆ ಒಯ್ಯುತ್ತದೆ. ಒಣಮೇವನ್ನು ಮಾರುಕಟ್ಟೆಗೆ ಮಾರುವ ರೈತ ಮಣ್ಣಿನ ಸತ್ವವನ್ನೂ ಜೊತೆಗೆ ಮಾರುತ್ತಾನೆ. ಅದೇ ಮೇವನ್ನು ತನ್ನ ಹಸುವಿಗೆ ತಿನ್ನಿಸಿ ಸಗಣಿ–ಗಂಜಲವನ್ನು ಹೊಲಕ್ಕೆ ಹಿಂದಿರುಗಿಸುವವನು ಅದರ ಬಹುಭಾಗವನ್ನು ಉಳಿಸಿಕೊಳ್ಳುತ್ತಾನೆ. ಬ್ರಿಟನ್ನಿನ ಕೃಷಿಕ ರಾಬರ್ಟ್ ಎಲಿಯಟ್ 1898ರ ತನ್ನ ಗ್ರಂಥದಲ್ಲಿ ಆಳಬೇರಿನ ಸಸ್ಯಗಳ ಮಿಶ್ರ ಹುಲ್ಲುಗಾವಲನ್ನು ಮಣ್ಣಿನ ಪುನಶ್ಚೇತನಕ್ಕೆ ಆಧಾರವಾಗಿಸಿದ್ದೂ, ಭಾರತದಲ್ಲಿ ದೀರ್ಘಕಾಲ ದುಡಿದ ಆಲ್ಬರ್ಟ್ ಹೊವಾರ್ಡ್ 1940ರ ಕೃತಿಯಲ್ಲಿ ಪ್ರಾಣಿಗಳಿಲ್ಲದ ಬೇಸಾಯ ಪ್ರಕೃತಿಯಲ್ಲಿ ಇಲ್ಲ ಎಂಬ ತತ್ವವನ್ನು ಮಂಡಿಸಿದ್ದೂ ಈ ಚಕ್ರವನ್ನು ಮನಗಂಡೇ.

ಕೀಟ, ಕಣಜ ಮತ್ತು ಕೊಯ್ಲಿನ ಕಾಲ

ಆಲ್ಫಾಲ್ಫಾ ಮೂತಿಹುಳು 1904ರಲ್ಲಿ ಸಾಲ್ಟ್ ಲೇಕ್ ನಗರದ ಸಮೀಪ ಅಮೆರಿಕದಲ್ಲಿ ಮೊದಲಿಗೆ ಪತ್ತೆಯಾಯಿತು. ಯುರೋಪಿನಿಂದ ಬಂದ ಈ ಹುಳುವಿಗೆ ಅಮೆರಿಕದಲ್ಲಿ ಸಹಜ ಶತ್ರುಗಳಿರಲಿಲ್ಲವಾದ್ದರಿಂದ, 1911ರಿಂದ ಅದರ ಮರಿಹುಳುಗಳ ದೇಹದೊಳಗೆ ಮೊಟ್ಟೆಯಿಡುವ ಪರಾವಲಂಬಿ ಕಣಜಗಳನ್ನು ಯುರೋಪಿನಿಂದ ತರಿಸಿ ಬಿಡುಗಡೆ ಮಾಡಲಾಯಿತು. ಎರಡನೆಯ ಮಹಾಯುದ್ಧದ ನಂತರ ಹೊಸ ಕೀಟನಾಶಕಗಳು ಬಂದಾಗ ಈ ಜ್ಞಾನ ಹಿಂದೆ ಸರಿಯಿತು. 1954ರಲ್ಲಿ ನ್ಯೂ ಮೆಕ್ಸಿಕೊದಲ್ಲಿ ಕಾಣಿಸಿಕೊಂಡು ಕ್ಯಾಲಿಫೋರ್ನಿಯಕ್ಕೆ ಹಬ್ಬಿದ ಚುಕ್ಕೆ ಹೇನು, ಸಿಂಪಡಿಸಿದ ವಿಷಕ್ಕೆ ಕೆಲವೇ ವರ್ಷಗಳಲ್ಲಿ ನಿರೋಧಶಕ್ತಿ ಬೆಳೆಸಿಕೊಂಡಿತು; ಅದನ್ನು ತಿಂದು ಹತೋಟಿಯಲ್ಲಿಡುವ ಗುಲಗಂಜಿ ಹುಳುಗಳು ಮಾತ್ರ ವಿಷಕ್ಕೆ ಬಲಿಯಾದವು. ಈ ಅನುಭವದ ಆಧಾರದ ಮೇಲೆ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸ್ಟರ್ನ್, ಸ್ಮಿತ್, ವಾನ್ ಡೆನ್ ಬಾಶ್ ಮತ್ತು ಹೇಗನ್ 1959ರಲ್ಲಿ ಪ್ರಕಟಿಸಿದ ಪ್ರಬಂಧವೇ ಇಂದು ಎಲ್ಲ ಬೆಳೆಗಳಲ್ಲೂ ಮಾತಿಗೆ ಬರುವ ಸಮಗ್ರ ಕೀಟ ನಿರ್ವಹಣೆಯ ತಳಹದಿ. ಅವರು ರಾಸಾಯನಿಕಗಳನ್ನು ಪೂರ್ತಿ ನಿರಾಕರಿಸಲಿಲ್ಲ. ಸಾವಯವ ಕೃಷಿಕರು ಆ ವಿಚಾರವನ್ನೇ ಕೊನೆಯವರೆಗೆ ಒಯ್ದು, ನಿರೋಧಕ ತಳಿ, ಹುಲ್ಲಿನೊಡನೆ ಮಿಶ್ರ ಬಿತ್ತನೆ, ಹೊಲವನ್ನು ಪಟ್ಟಿ ಪಟ್ಟಿಯಾಗಿ ಕೊಯ್ದು ಮಿತ್ರಕೀಟಗಳಿಗೆ ಆಸರೆ ಉಳಿಸುವುದು, ಹುಳು ಬಲಿಯುವ ಮೊದಲೇ ಬೇಗ ಕೊಯ್ಯುವುದು ಎಂಬ ಕ್ರಮಗಳನ್ನು ನೆಚ್ಚಿಕೊಂಡರು.

ಬೇಗ ಕೊಯ್ಯುವುದರಿಂದ ಒಣಮೇವಿನ ಗುಣವೂ ಹೆಚ್ಚುತ್ತದೆ. ಹತ್ತರಲ್ಲೊಂದು ಪಾಲು ಹೂ ಬಿಡುವ ಹೊತ್ತಿಗೆ ಕೊಯ್ದರೆ ಇಳುವರಿ ಮತ್ತು ಪೋಷಕಾಂಶಗಳ ನಡುವೆ ಸಮತೋಲನ ಸಿಗುತ್ತದೆ. ಸಸಾರಜನಕದ ಹೆಚ್ಚಿನ ಭಾಗ ಎಲೆಯಲ್ಲಿರುವುದರಿಂದ, ಎಲೆ ಉದುರದಂತೆ ಬೆಳಗಿನ ಇಬ್ಬನಿಯ ತೇವವಿರುವಾಗಲೇ ಮಗುಚಬೇಕು, ತೇವಾಂಶ ಶೇ. 20ಕ್ಕಿಂತ ಹೆಚ್ಚಿರುವಾಗ ಬಣವೆ ಒಟ್ಟಿದರೆ ಮೇವು ಬೂಷ್ಟು ಹಿಡಿಯುತ್ತದೆ, ಒಳಗೇ ಕಾದು ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಇರುತ್ತದೆ.

ಕಾನೂನಿನ ಬೇಲಿ, ಜೇನಿನ ಹಾದಿ

2002ರಲ್ಲಿ ಜಾರಿಗೆ ಬಂದ ಅಮೆರಿಕದ ರಾಷ್ಟ್ರೀಯ ಸಾವಯವ ನಿಯಮಗಳು, ಕೊಯ್ಲಿಗೆ ಹಿಂದಿನ 36 ತಿಂಗಳು ನಿಷೇಧಿತ ವಸ್ತು ಸೋಕದ ಭೂಮಿಯ ಬೆಳೆಯನ್ನಷ್ಟೇ ಸಾವಯವವೆಂದು ಒಪ್ಪಿದವು. ಸಾವಯವ ಹಾಲಿಗೆ ಸಾವಯವ ಮೇವೇ ಬೇಕಾದುದರಿಂದ ಈ ಒಣಮೇವಿಗೆ ಬೇಡಿಕೆ ಬಂದಿತು. ಕಳೆನಾಶಕವನ್ನು ತಾಳುವ ಕುಲಾಂತರಿ ಆಲ್ಫಾಲ್ಫಾಗೆ 2005ರಲ್ಲಿ ಅನುಮತಿ ದೊರೆತಾಗ, ದುಂಬಿಗಳ ಮೂಲಕ ಪರಾಗಸ್ಪರ್ಶಗೊಳ್ಳುವ ಬೆಳೆಗೆ ಬೇಲಿ ಹಾಕಲಾಗದೆಂದು ಬೀಜ ಬೆಳೆಗಾರರು ನ್ಯಾಯಾಲಯಕ್ಕೆ ಹೋದರು. 2007ರಲ್ಲಿ ಬಿತ್ತನೆ ನಿಂತಿತು. 2010ರಲ್ಲಿ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. 2011ರಲ್ಲಿ ಕೃಷಿ ಇಲಾಖೆ ಮತ್ತೆ ಅನುಮತಿ ನೀಡಿತು.

ಕನ್ನಡ ನಾಡಿನ ಹೊಲದಲ್ಲಿ

ಭಾರತದಲ್ಲಿ ಈ ಬೆಳೆಯ ಸಂಶೋಧನೆಗೆ 1962ರಲ್ಲಿ ಝಾನ್ಸಿಯಲ್ಲಿ ಸ್ಥಾಪನೆಯಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆ ನೆಲೆ ಒದಗಿಸಿತು. ಅದರ ದಕ್ಷಿಣ ವಲಯ ಕೇಂದ್ರ ಧಾರವಾಡದಲ್ಲಿದೆ. ಗುಜರಾತಿನ ಆನಂದ್-2, ಮಹಾರಾಷ್ಟ್ರದ ರಾಹುರಿಯ ಆರ್‌ಎಲ್-88 ತಳಿಗಳು ಹೆಸರು ಪಡೆದಿವೆ. ನೀರು ಬಸಿಯುವ, ಸುಣ್ಣದ ಅಂಶವಿರುವ ಭೂಮಿ ಇದಕ್ಕೆ ಒಗ್ಗುತ್ತದೆ. ಮಲೆನಾಡಿನ ಹುಳಿ ಮಣ್ಣಿನಲ್ಲಿ ಸುಣ್ಣ ಹಾಕದೆ ಇದು ಏಳುವುದಿಲ್ಲ. ಸಾಲಿನಿಂದ ಸಾಲಿಗೆ 25ರಿಂದ 30 ಸೆಂಟಿಮೀಟರ್ ಅಂತರದಲ್ಲಿ ಬಿತ್ತಿದರೆ 50ರಿಂದ 60 ದಿನಗಳಿಗೆ ಮೊದಲ ಕೊಯ್ಲು, ಆಮೇಲೆ 25ರಿಂದ 30 ದಿನಗಳಿಗೊಂದು ಕೊಯ್ಲು ಸಿಗುತ್ತದೆ. ಬೀಜದೊಡನೆ ಬರುವ ಕಸ್ಕ್ಯೂಟಾ ಎಂಬ ಬೇರಿಲ್ಲದ ಪರಾವಲಂಬಿ ಬಳ್ಳಿಯನ್ನು ತಡೆಯಲು, ಬೀಜವನ್ನು ಉಪ್ಪುನೀರಿನಲ್ಲಿ ಹಾಕಿ ತೇಲಿದ್ದನ್ನು ತೆಗೆದುಹಾಕುವ ಸರಳ ಉಪಾಯವೊಂದು ಬಳಕೆಯಲ್ಲಿದೆ.

ಕರ್ನಾಟಕ ಸರ್ಕಾರ 2004ರಲ್ಲಿ ಸಾವಯವ ಕೃಷಿ ನೀತಿಯನ್ನು ರೂಪಿಸಿತು. ಆ ನೀತಿಗೆ ಬೇಕಾದ ಹೊಲದ ಪಾಠ ಈ ಬೆಳೆಯ ಚರಿತ್ರೆಯಲ್ಲಿದೆ. ಎರಡು ಹಸುಗಳಿರುವ ಮನೆಯವರು ತಿಪ್ಪೆಯ ಗೊಬ್ಬರವನ್ನು ಕುದುರೆ ಮೆಂತೆಯ ಮಡಿಗೆ ಹಾಕಿ, ಆ ಮಡಿಯ ಸೊಪ್ಪನ್ನು ಒಣಹುಲ್ಲಿನೊಡನೆ ಬೆರೆಸಿ ಹಸುವಿಗೆ ಹಾಕಿದಾಗ, ಕೊಲುಮೆಲ್ಲನ ಅನುಭವ, ಬೂಸಾಂಗೊನ ಲೆಕ್ಕ, ಹೊವಾರ್ಡನ ತತ್ವ ಮೂರೂ ಆ ಒಂದು ಮಡಿಯಲ್ಲಿ ಕೂಡುತ್ತವೆ. ಕುದುರೆಗಳ ಸೈನ್ಯಗಳು ಹೋದ ಮೇಲೂ ಕುದುರೆ ಮೆಂತೆ ಉಳಿದಿರುವುದು ಕೊಟ್ಟಿಗೆಯಿಂದ ಹೊಲಕ್ಕಿರುವ ಆ ಸಣ್ಣ ಹಾದಿಯಿಂದಲೇ. ಹಾದಿ ಸವೆಯುತ್ತಿರುವವರೆಗೆ ಬೆಳೆಯೂ ಮಣ್ಣೂ ಬಾಳುತ್ತವೆ.