ಕಲ್ಯಾಣದ ಕಸುಬು: ರಾಜಧಾನಿಯಿಂದ ಗ್ಯಾರೇಜಿನವರೆಗೆ

ಬಸವಕಲ್ಯಾಣದ ಚರಿತ್ರೆ ಬರೆದವರು ಹೆಚ್ಚಾಗಿ ಹನ್ನೆರಡನೆಯ ಶತಮಾನಕ್ಕೇ ಲೇಖನಿ ಕೆಳಗಿಡುತ್ತಾರೆ. ಒಂದನೆಯ ಸೋಮೇಶ್ವರ ಮಾನ್ಯಖೇಟ ಬಿಟ್ಟು ಇಲ್ಲಿ ರಾಜಧಾನಿ ಹೂಡಿದ್ದು, ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರ’ ರಚಿಸಿದ್ದು, ಬಿಜ್ಜಳನ ಕಾಲದ ಶರಣ ಚಳವಳಿ, ಎಲ್ಲಕ್ಕೂ ಪುಟಗಟ್ಟಲೆ ಜಾಗವಿದೆ. ಆಮೇಲೆ ಊರು ಹೊಟ್ಟೆ ಹೊರೆದದ್ದು ಹೇಗೆಂಬುದಕ್ಕೆ ಒಂದು ಪ್ಯಾರಾ ಸಿಕ್ಕರೆ ದೊಡ್ಡದು.

ಶರಣರ ಹೆಸರುಗಳಲ್ಲೇ ಊರಿನ ದುಡಿಮೆಗೊಂದು ಸುಳಿವಿದೆ. ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಪಾದರಕ್ಷೆ ಮಾಡುವ ಹರಳಯ್ಯ: ಭಕ್ತಿ ಒತ್ತಟ್ಟಿಗಿರಲಿ, ಇದು ಅಂದಿನ ಕೈಕಸುಬುಗಳ ಪಟ್ಟಿಯೂ ಹೌದು.

ಮುಂದೆ ಆಳುವವರು ಬದಲಾಗುತ್ತಲೇ ಹೋದರು. 1657ರಲ್ಲಿ ಊರಿನ ಕೋಟೆ ಔರಂಗಜೇಬನ ವಶವಾಯಿತು. ನಿಜಾಮರ ಕಾಲಕ್ಕೆ ಕಲ್ಯಾಣಿ ನವಾಬರ ಜಹಗೀರಾಗಿ ಉಳಿಯಿತು. 1956ರಲ್ಲಿ ಬೀದರ್ ಜಿಲ್ಲೆ ಮೈಸೂರು ರಾಜ್ಯ ಸೇರಿತು.

ಆಳುವವರು ಬದಲಾದದ್ದಕ್ಕಿಂತ ಊರಿನ ದುಡಿಮೆಯನ್ನು ಹೆಚ್ಚು ಬದಲಿಸಿದ್ದು ಪುಣೆ–ಹೈದರಾಬಾದ್ ಹೆದ್ದಾರಿ. ಊರಿಗೆ ಹತ್ತಿರದ ಸಸ್ತಾಪುರ ಬಂಗ್ಲಾದಲ್ಲಿ ಹಾದುಹೋಗುವ ಈ ರಸ್ತೆಗೆ ಹಿಂದೆ ಸಂಖ್ಯೆ 9, ಈಗ 65. ಲಾರಿ ಹೆಚ್ಚಿದಂತೆ ಮಿಸ್ತ್ರಿಗಳೂ ಹೆಚ್ಚಿದರು. ರಿಪೇರಿ, ಬಿಡಿಭಾಗ, ಬಾಡಿ ಕಟ್ಟುವ ಕೆಲಸ, ಹಳೇ ಗಾಡಿಯ ವ್ಯಾಪಾರ ಬೆಳೆದು ಆಟೋನಗರವೇ ನಿಂತಿತು. ಲಾರಿಯ ಮುರಿದ ಕಮಾನು ಪಟ್ಟಿಯ ರಿಪೇರಿಯನ್ನೇ ನೋಡಿ. ಕಟ್ಟು ಬಿಚ್ಚಿ, ಸತ್ತ ಪಟ್ಟಿ ತೆಗೆದು, ಬಾಗು ಕಳೆದುಕೊಂಡದ್ದನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಸುತ್ತಿಗೆಯಿಂದ ಬಡಿದು ಮತ್ತೆ ಬಾಗಿಸುತ್ತಾರೆ. ಎಷ್ಟು ಬಾಗಿರಬೇಕು ಎಂಬುದಕ್ಕೆ ಮಿಸ್ತ್ರಿಯ ಕಣ್ಣೇ ಅಳತೆ. ಈ ವಿದ್ಯೆ ಉಸ್ತಾದರ ಕೈಕೆಳಗೆ ಪಾನಾ ಹಿಡಿದು ನಿಂತ ಹುಡುಗನಿಗೆ ಒಲಿಯುವಂಥದು; ಕನ್ನಡ, ದಖನಿ, ಮರಾಠಿ ಮೂರೂ ಅಲ್ಲಿ ನಡೆಯುತ್ತವೆ. 2012ರಲ್ಲಿ ತಲೆಯೆತ್ತಿದ 108 ಅಡಿಯ ಬಸವ ಪ್ರತಿಮೆ ನೋಡಲು ಬರುವ ಯಾತ್ರಿಕರು ಮಾತ್ರ ಈ ಕುಲುಮೆಗಳತ್ತ ಸುಳಿಯುವುದು ಅಪರೂಪ.

ಇದೇ ಜಿಲ್ಲೆಯ ನೆರೆಯ ಊರು ಹುಮನಾಬಾದಿನ ದಾರಿಯೇ ಬೇರೆ. ವೀರಭದ್ರೇಶ್ವರ ಜಾತ್ರೆ, ಪಕ್ಕದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ (1817–1865) ಸಂಸ್ಥಾನ ಊರಿಗೆ ಮೊದಲಿಂದಲೂ ಜನ ತಂದವು. ಬೀದರ್–ಕಲಬುರಗಿ ರಸ್ತೆಯೂ ಇದೇ ಹೆದ್ದಾರಿಯನ್ನು ಇಲ್ಲಿ ಕೂಡುವುದರಿಂದ ಪೇಟೆ ಗಟ್ಟಿಯಾಯಿತು. ಆದರೆ ಇಲ್ಲಿ ಬೆಳೆದದ್ದು ಕೈಕಸುಬಲ್ಲ, ಕಾರ್ಖಾನೆ. ತಾಲ್ಲೂಕಿನ ಕಬ್ಬು ನಂಬಿದ್ದ ಹಳ್ಳಿಖೇಡ ಬಳಿಯ ಸಹಕಾರಿ ಸಕ್ಕರೆ ಕಾರ್ಖಾನೆ ಸಾಲದಲ್ಲಿ ಸೊರಗಿತು. ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ, ಔಷಧ ಘಟಕಗಳು ಬಂದವು. ಕೂಲಿಯ ಜೊತೆಗೆ ಸುತ್ತಲಿನ ಹಳ್ಳಿಗಳಿಂದ ದುರ್ನಾತದ ದೂರೂ ಬಂತು. ಬಸವಕಲ್ಯಾಣದ ಮಿಸ್ತ್ರಿ ತನ್ನ ವಿದ್ಯೆಗೆ ತಾನೇ ಒಡೆಯ. ಹುಮನಾಬಾದಿನ ಕಾರ್ಮಿಕನಿಗೆ ಆ ಬಲವಿಲ್ಲ.

2017ರ ಅಕ್ಟೋಬರಿನಲ್ಲಿ 110 ಕಿ.ಮೀ. ಉದ್ದದ ಬೀದರ್–ಕಲಬುರಗಿ ರೈಲುಮಾರ್ಗ ಉದ್ಘಾಟನೆಯಾದಾಗ ನಿಲ್ದಾಣ ಸಿಕ್ಕಿದ್ದು ಹುಮನಾಬಾದಿಗೆ. ಆ ಹಳಿ ಬಸವಕಲ್ಯಾಣವನ್ನು ಮುಟ್ಟಲಿಲ್ಲ. ಆಟೋನಗರದ ಗಿರಾಕಿ ಇಂದಿಗೂ ಹೆದ್ದಾರಿಯಿಂದಲೇ ಬರಬೇಕು.