ಬೆಳಕಿನಿಂದ ಅಳಿಸುತ್ತಿದ್ದ ಚಿಪ್‌ಗಳು: ಈಪ್ರೋಮ್ ಎರೇಸರ್‌ನ ಇತಿಹಾಸ

ಈಪ್ರೋಮ್ ಎರೇಸರ್ ಹೊರನೋಟಕ್ಕೆ ಒಂದು ಸಣ್ಣ ಲೋಹದ ಪೆಟ್ಟಿಗೆ. ಒಳಗೆ ಅತಿನೇರಳೆ ಕಿರಣ ಸೂಸುವ ಗಿಡ್ಡ ಟ್ಯೂಬು, ಅದರ ಕೆಳಗೆ ಚಿಪ್‌ಗಳನ್ನು ಸಾಲಾಗಿ ಇಡುವ ಟ್ರೇ, ಹೊರಗೆ ಒಂದು ಟೈಮರ್. ಈಪ್ರೋಮ್ ಎಂಬ ಮೆಮೊರಿ ಚಿಪ್‌ನಲ್ಲಿ ಬರೆದ ಪ್ರೋಗ್ರಾಂ ತಪ್ಪೆಂದು ಗೊತ್ತಾದಾಗ ಅದನ್ನು ಅಳಿಸಿ, ಅದೇ ಚಿಪ್ಪನ್ನು ಮತ್ತೆ ಬರೆಯಲು ಅಣಿಗೊಳಿಸುವುದೊಂದೇ ಇದರ ಕೆಲಸ. 1970ರ ದಶಕದಿಂದ 1990ರ ದಶಕದವರೆಗೆ ಮೈಕ್ರೊಪ್ರೊಸೆಸರ್ ಬಳಸಿ ಯಂತ್ರ ಕಟ್ಟುವವರ ಮೇಜಿನ ಮೇಲೆ ಇದು ಇರಲೇಬೇಕಿತ್ತು. ಕಂಪ್ಯೂಟರ್ ಚರಿತ್ರೆ ಹೇಳುವವರು ಇದಕ್ಕೆ ಒಂದೆರಡು ಸಾಲಿಗಿಂತ ಹೆಚ್ಚು ಕೊಡುವುದು ಅಪರೂಪ. ಅದು ನ್ಯಾಯವಲ್ಲ.

ಕರೆಂಟು ಹೋದರೂ ಪ್ರೋಗ್ರಾಂ ಉಳಿಸಿಕೊಳ್ಳುವ ಚಿಪ್‌ಗಳು ಈಪ್ರೋಮ್ ಬರುವ ಮುನ್ನವೂ ಇದ್ದವು. ಮಾಸ್ಕ್ ರೋಮ್‌ನಲ್ಲಿ ಮಾಹಿತಿಯನ್ನು ಕಾರ್ಖಾನೆಯಲ್ಲೇ ಚಿಪ್‌ನ ವಿನ್ಯಾಸದೊಳಗೆ ಸೇರಿಸಿಬಿಡುತ್ತಿದ್ದರು. ಒಂದು ಬಿಟ್ ಬದಲಿಸಬೇಕಾದರೂ ಹೊಸ ಮಾಸ್ಕ್ ಮಾಡಿಸಿ ವಾರಗಟ್ಟಲೆ ಕಾಯಬೇಕು. ಪ್ರೋಮ್‌ನಲ್ಲಿ ಬಳಸುವವನೇ ಬರೆಯಬಹುದಿತ್ತು. ಅಮೆರಿಕದ ಅಟ್ಲಾಸ್ ಕ್ಷಿಪಣಿಯ ಕಂಪ್ಯೂಟರ್‌ಗಾಗಿ 1956ರಲ್ಲಿ ವೆನ್ ತ್ಸಿಂಗ್ ಚೌ ರೂಪಿಸಿದ ಈ ಬಗೆಯಲ್ಲಿ, ಒಳಗಿನ ಸಣ್ಣ ಸಂಪರ್ಕಗಳನ್ನು ಸುಟ್ಟು ಪ್ರೋಗ್ರಾಂ ಬರೆಯುತ್ತಿದ್ದರು. ಸುಟ್ಟದ್ದನ್ನು ಮತ್ತೆ ಕೂಡಿಸಲು ಬಾರದು. ಒಂದು ತಪ್ಪಾದರೆ ಒಂದು ಚಿಪ್ ಕಸದ ಬುಟ್ಟಿಗೆ.

ದಾರಿ ತೆರೆದದ್ದು ಒಂದು ದೋಷದ ಹುಡುಕಾಟ. ಇಸ್ರೇಲಿನ ಎಂಜಿನಿಯರ್ ಡೊವ್ ಫ್ರೋಮನ್ 1969ರಲ್ಲಿ ಇಂಟೆಲ್ ಸೇರಿದಾಗ ಕಂಪನಿಯ 1101 ಎಂಬ ಮೆಮೊರಿ ಚಿಪ್ ತೊಂದರೆ ಕೊಡುತ್ತಿತ್ತು. ಕಾರಣ ಹುಡುಕುತ್ತಾ ಹೋದ ಅವರಿಗೆ, ಟ್ರಾನ್ಸಿಸ್ಟರ್‌ನ ಗೇಟ್ ಯಾವುದಕ್ಕೂ ತಾಗದೆ ಒಂಟಿಯಾಗಿ ಉಳಿದುಬಿಟ್ಟರೆ ಅದರ ಮೇಲೆ ವಿದ್ಯುದಂಶ ಸಿಕ್ಕಿಬೀಳಬಹುದೆಂಬ ವಿಚಾರ ಹೊಳೆಯಿತು. ಹೀಗೆ ತೇಲುವ ಗೇಟ್‌ನಲ್ಲಿ ಮಾಹಿತಿ ಇಡಬಹುದೆಂದು ಬೆಲ್ ಪ್ರಯೋಗಾಲಯದ ಡಾವೊನ್ ಕಾಂಗ್ ಮತ್ತು ಸೈಮನ್ ಜೀ 1967ರಲ್ಲೇ ತೋರಿಸಿದ್ದರು. ಅದನ್ನು ಮಾರುಕಟ್ಟೆಗೆ ಬರುವ ಚಿಪ್ ಆಗಿಸಿದ್ದು ಫ್ರೋಮನ್. 16 ಕೋಶಗಳ ಒಂದು ಒರಟು ಮಾದರಿಗೆ ಕೆಂಪು ಬಲ್ಬು ಜೋಡಿಸಿ, ಅದನ್ನು ಇಂಟೆಲ್ ಸಹಸ್ಥಾಪಕ ಗಾರ್ಡನ್ ಮೂರ್ ಅವರ ಕೊಠಡಿಗೇ ಹೊತ್ತೊಯ್ದು ತೋರಿಸಿದರು. 1971ರಲ್ಲಿ 2048 ಬಿಟ್‌ಗಳ 1702 ಎಂಬ ಈಪ್ರೋಮ್ ಹೊರಬಂತು. ಇಂಟೆಲ್‌ನ ಮೊದಲ ಮೈಕ್ರೊಪ್ರೊಸೆಸರ್ 4004 ಬಂದದ್ದೂ ಅದೇ ವರ್ಷ. ಈ ಎರಡು ಒಟ್ಟಿಗೆ ಬಂದದ್ದು ದೊಡ್ಡ ಮಾತು. ಪ್ರೋಗ್ರಾಂ ಬರೆದು, ಓಡಿಸಿ, ತಿದ್ದಿ, ಮತ್ತೆ ಓಡಿಸುವ ಅವಕಾಶ ಇಲ್ಲದಿದ್ದರೆ ಮೈಕ್ರೊಪ್ರೊಸೆಸರ್ ಅಷ್ಟು ಬೇಗ ಸಾಮಾನ್ಯ ಎಂಜಿನಿಯರ್‌ಗಳ ಕೈಗೆ ಒಗ್ಗುತ್ತಿರಲಿಲ್ಲ.

ಬರೆಯುವಾಗ ಹೆಚ್ಚಿನ ವೋಲ್ಟೇಜ್ ಕೊಟ್ಟು ಎಲೆಕ್ಟ್ರಾನ್‌ಗಳನ್ನು ತೇಲುವ ಗೇಟ್‌ಗೆ ನುಗ್ಗಿಸುತ್ತಾರೆ. ಅದರ ಸುತ್ತ ಸಿಲಿಕಾನ್ ಡೈಆಕ್ಸೈಡ್‌ನ ಪದರವಿರುವುದರಿಂದ ಒಳಹೊಕ್ಕ ಎಲೆಕ್ಟ್ರಾನ್‌ಗಳು ವರ್ಷಗಟ್ಟಲೆ ಹೊರಬರಲಾರವು. ಆ ಗೋಡೆ ದಾಟಲು ಬೇಕಾದ ಶಕ್ತಿ ಸುಮಾರು 3.2 ಎಲೆಕ್ಟ್ರಾನ್ ವೋಲ್ಟ್. ಕಣ್ಣಿಗೆ ಕಾಣುವ ಬೆಳಕಿನ ಕಣಗಳಿಗೆ ಅಷ್ಟು ಶಕ್ತಿಯಿಲ್ಲ. ಪಾದರಸದ ಆವಿಯ ದೀಪದಿಂದ ಹೊಮ್ಮುವ 253.7 ನ್ಯಾನೊಮೀಟರ್‌ನ ಅತಿನೇರಳೆ ಕಣಕ್ಕೆ ಸುಮಾರು 4.9 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಿದೆ. ಅದು ತಾಗಿದ ಎಲೆಕ್ಟ್ರಾನ್ ಗೋಡೆ ದಾಟಿ ಹೋಗುತ್ತದೆ. ಬೆಳಕು ಒಳಗೆ ಬೀಳಲೆಂದೇ ಪಿಂಗಾಣಿಯ ಹೊದಿಕೆಯ ನಡುವೆ ಕ್ವಾರ್ಟ್ಜ್ ಕಿಟಕಿ ಕೂರಿಸಿದರು. ಸಾಮಾನ್ಯ ಗಾಜು ಈ ಅಲೆಯನ್ನು ತಡೆದುಬಿಡುವುದರಿಂದ ಕ್ವಾರ್ಟ್ಜ್ ಅನಿವಾರ್ಯವಾಗಿತ್ತು. ಕಿಟಕಿಯ ಮೂಲಕ ಒಳಗಿನ ಸಿಲಿಕಾನ್ ಚೂರೂ ಅದಕ್ಕೆ ಬೆಸೆದ ಎಳೆಯಂಥ ತಂತಿಗಳೂ ಕಾಣುತ್ತಿದ್ದವು. ಅಳಿಸುವ ಸಾಮರ್ಥ್ಯಕ್ಕೆ ತೆತ್ತ ಬೆಲೆಯಲ್ಲಿ ಒಂದು ಪಾಲು ಈ ದುಬಾರಿ ಹೊದಿಕೆಗೇ ಹೋಗುತ್ತಿತ್ತು.

ಚಿಪ್ ಬಂತು, ಆದರೆ ಅದಕ್ಕೆಂದೇ ಮಾಡಿದ ಎರೇಸರ್ ಇನ್ನೂ ಇರಲಿಲ್ಲ. ಇಂಟೆಲ್ ತನ್ನ 1702ಎ ಚಿಪ್‌ನ ಡೇಟಾ ಶೀಟ್‌ನಲ್ಲಿ ಉದಾಹರಣೆಯಾಗಿ ಹೆಸರಿಸಿದ್ದು ಕ್ಯಾಲಿಫೋರ್ನಿಯದ ಸ್ಯಾನ್ ಗೇಬ್ರಿಯಲ್‌ನಲ್ಲಿದ್ದ ಅಲ್ಟ್ರಾ-ವಯಲೆಟ್ ಪ್ರಾಡಕ್ಟ್ಸ್ ಕಂಪನಿಯ ದೀಪಗಳನ್ನು. ಆ ಕಂಪನಿಯ ಹೆಸರು ಅದಾಗಲೇ ಗಣಿಗಾರರಿಗೆ ಪರಿಚಿತವಾಗಿತ್ತು. ಟಂಗ್‌ಸ್ಟನ್ ಅದಿರಾದ ಶೀಲೈಟ್ ಅತಿನೇರಳೆ ಕಿರಣದಡಿ ನೀಲಿಯಾಗಿ ಹೊಳೆಯುವುದರಿಂದ, ಅದನ್ನು ಹುಡುಕುವವರು ಈ ದೀಪ ಹಿಡಿದು ಕತ್ತಲಲ್ಲಿ ಬಂಡೆಗಳ ಮೇಲೆ ಬೆಳಕು ಬಿಡುತ್ತಿದ್ದರು. ಕಲ್ಲಿನ ಹೊಳಪು ಚೆನ್ನಾಗಿ ಕಾಣಲೆಂದು ದೀಪದ ಮುಂದೆ ಕಣ್ಣಿಗೆ ಕಾಣುವ ಬೆಳಕನ್ನು ತಡೆಯುವ ಫಿಲ್ಟರ್ ಇರುತ್ತಿತ್ತು. ಅದು ಅತಿನೇರಳೆಯ ಒಂದಿಷ್ಟು ಪಾಲನ್ನೂ ನುಂಗುತ್ತಿತ್ತು. ಕೆಲವು ದೀಪಗಳ ಮೇಲೆ ಫಿಲ್ಟರ್ ಇರುತ್ತದೆ, ಅಳಿಸುವ ಮುನ್ನ ಅದನ್ನು ತೆಗೆಯಿರಿ ಎಂಬ ಸೂಚನೆ ಮುಂದೆಯೂ ಎಷ್ಟೋ ಡೇಟಾ ಶೀಟ್‌ಗಳಲ್ಲಿ ಉಳಿದುಕೊಂಡಿತು. ಅದಿರು ಹುಡುಕುವವರ ದೀಪ ಕಂಪ್ಯೂಟರ್ ಪ್ರಯೋಗಾಲಯಕ್ಕೆ ಬಂದ ಗುರುತು ಅದು.

ಈಪ್ರೋಮ್‌ಗಳು 2708, 2716, 2732, 2764 ಎಂದು ಬೆಳೆಯುತ್ತಾ ಹೋದಂತೆ ಅಳಿಸುವ ಲೆಕ್ಕವೂ ಖಚಿತವಾಯಿತು. 2716 ಮತ್ತು ಅದರ ನಂತರದ ಚಿಪ್‌ಗಳಿಗೆ ಚದರ ಸೆಂಟಿಮೀಟರ್‌ಗೆ ಕನಿಷ್ಠ 15 ವ್ಯಾಟ್-ಸೆಕೆಂಡ್ ಪ್ರಮಾಣದ ಕಿರಣ ಬೇಕು. ಚದರ ಸೆಂಟಿಮೀಟರ್‌ಗೆ 12 ಮಿಲಿವ್ಯಾಟ್ ಕೊಡುವ ದೀಪದ ಕೆಳಗೆ, ಟ್ಯೂಬಿನಿಂದ ಒಂದು ಇಂಚಿನೊಳಗೆ ಇಟ್ಟರೆ ಸುಮಾರು 20 ನಿಮಿಷ. ಎರೇಸರ್ ಕೊಳ್ಳುವವರು ನೋಡಬೇಕಾದ ಮುಖ್ಯ ಅಂಶ ಇದೇ. ಟ್ಯೂಬಿನ ವ್ಯಾಟ್ ಎಷ್ಟೆಂಬುದಕ್ಕಿಂತ, ಚಿಪ್ ಕೂರುವ ಜಾಗಕ್ಕೆ ಎಷ್ಟು ಕಿರಣ ತಲುಪುತ್ತದೆ ಎಂಬುದು ಹೆಚ್ಚಿನದು. ತೀವ್ರತೆ ಮೂರನೇ ಒಂದು ಪಾಲಿಗೆ ಇಳಿದರೆ ಅದೇ ಕೆಲಸಕ್ಕೆ ಒಂದು ಗಂಟೆಗೂ ಮೀರಿ ಬೇಕು. ಸ್ಪೆಕ್ಟ್ರಾನಿಕ್ಸ್‌ನಂಥ ಕಂಪನಿಗಳು ಕೆಲವೇ ಚಿಪ್ ಹಿಡಿಸುವ ಸಣ್ಣ ಪೆಟ್ಟಿಗೆಯಿಂದ ಹಿಡಿದು ಕಾರ್ಖಾನೆಗೆ ಬೇಕಾದ ದೊಡ್ಡ ಟ್ರೇಗಳವರೆಗೆ ಎರೇಸರ್ ಮಾಡಿ ಮಾರಿದವು.

ಮನೆಯಲ್ಲೇ ಕಟ್ಟಿಕೊಂಡವರೂ ಬಹಳ. ರೋಗಾಣು ಕೊಲ್ಲಲು ಬಳಸುವ 4 ವ್ಯಾಟಿನ ಜಿ4ಟಿ5 ಟ್ಯೂಬು ಇದಕ್ಕೆ ಹೇಳಿ ಮಾಡಿಸಿದ್ದು. ಉದ್ದ ಸುಮಾರು 13.6 ಸೆಂಟಿಮೀಟರ್. ಅದೇ ಅಳತೆಯ ಮಾಮೂಲಿ ಟ್ಯೂಬ್‌ಲೈಟಿನ ಚೋಕು, ಸ್ಟಾರ್ಟರ್ ಇದಕ್ಕೂ ಸಾಕು. ಮಾಮೂಲಿ ಟ್ಯೂಬ್‌ಲೈಟಿನ ಒಳಗೂ ಪಾದರಸ ಹೊಮ್ಮಿಸುವುದು ಇದೇ ಕಿರಣವನ್ನು. ಆದರೆ ಒಳಗಿನ ಬಿಳಿ ಲೇಪ ಅದನ್ನು ಕಾಣುವ ಬೆಳಕಾಗಿಸುತ್ತದೆ, ಉಳಿದದ್ದನ್ನು ಗಾಜು ತಡೆಯುತ್ತದೆ. ನೋಟು ಪರೀಕ್ಷಿಸುವ ನೇರಳೆ ದೀಪದ ಅಲೆಯುದ್ದ 365 ನ್ಯಾನೊಮೀಟರ್ ಆಸುಪಾಸಿನದು. ಅದರ ಕೆಳಗೆ ಚಿಪ್ ಇಟ್ಟು ಕಾದವರಿಗೆ ನಿರಾಸೆಯೇ ಗತಿ. ನೀರು ಶುದ್ಧೀಕರಿಸುವ ಯಂತ್ರದ ಅತಿನೇರಳೆ ಟ್ಯೂಬು ಮಾತ್ರ ಸರಿಯಾದ ಜಾತಿಯದು. ಪೆಟ್ಟಿಗೆಯೊಳಗೆ ಅಲ್ಯೂಮಿನಿಯಂ ಹಾಳೆ ಹೊದಿಸಿದರೆ ಕಿರಣ ಪೋಲಾಗದು. ಚಿಪ್‌ನ ಕಾಲುಗಳನ್ನು ವಿದ್ಯುತ್ ಹರಿಯುವ ಕಪ್ಪು ಸ್ಪಂಜಿನಲ್ಲಿ ಚುಚ್ಚಿಟ್ಟರೆ ಸ್ಥಾಯೀ ವಿದ್ಯುತ್ತಿನ ಭಯವಿಲ್ಲ.

ಹೀಗೆ ಕಟ್ಟುವವರು ಎಂದೂ ಬಿಡಬಾರದ ಭಾಗವೊಂದಿದೆ. ಮುಚ್ಚಳ ತೆರೆದ ಕೂಡಲೇ ದೀಪ ಆರಿಸುವ ಸ್ವಿಚ್ ಅದು. ಈ ಕಿರಣ ಕಣ್ಣಿನ ಪಾರದರ್ಶಕ ಪಟಲವನ್ನು ಸುಡುತ್ತದೆ. ನೋವು ಆ ಕ್ಷಣಕ್ಕೆ ತಿಳಿಯುವುದಿಲ್ಲ, ಗಂಟೆಗಳ ಮೇಲೆ ಕಣ್ಣಿಗೆ ಮರಳು ಬಿದ್ದಂತೆ ಶುರುವಾಗುತ್ತದೆ. ಟ್ಯೂಬಿನ ಮಂದ ನೀಲಿ ಬೆಳಕು ನೋಡಲು ಸೌಮ್ಯವಾಗಿರುವುದೇ ಅಪಾಯ.

ಅಳಿಸುವಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚು ಕಾಡಿಸಿದ್ದು ಅರ್ಧ ಅಳಿದ ಚಿಪ್. ಪೂರ್ತಿ ಅಳಿದ 2716ನಲ್ಲಿ ಎಲ್ಲ ಬಿಟ್‌ಗಳೂ 1 ಎಂದು ಓದಬೇಕು. ಎಲೆಕ್ಟ್ರಾನ್‌ಗಳು ಇನ್ನೂ ಸ್ವಲ್ಪ ಉಳಿದಿದ್ದರೂ ಪರೀಕ್ಷೆಯಲ್ಲಿ 1 ಎಂದೇ ಕಂಡು, ವೋಲ್ಟೇಜ್ ಇಳಿದಾಗ ಅದೇ ಬಿಟ್ 0 ಆಗಿಬಿಡಬಹುದು. ಅದಕ್ಕೇ ಚಿಪ್ ಖಾಲಿಯಾಗಿದೆ ಎಂದು ತೋರಿದ ಮೇಲೂ ಇನ್ನಷ್ಟು ಹೊತ್ತು ದೀಪದಡಿ ಬಿಡುವುದು ಒಳ್ಳೆಯ ಪದ್ಧತಿ. ಕಿಟಕಿಗೆ ಅಂಟಿಸಿದ್ದ ಚೀಟಿಯ ಗೋಂದು ಉಳಿದಿದ್ದರೆ ಕಿರಣ ಒಳಹೋಗದು, ಸ್ಪಿರಿಟ್‌ನಿಂದ ಒರೆಸಬೇಕು. ಚೀಟಿ ಅಂಟಿಸುವುದಕ್ಕೂ ಕಾರಣವಿದೆ. ತಯಾರಕರ ಅಂದಾಜಿನಂತೆ ನೇರ ಬಿಸಿಲು ಸುಮಾರು ಒಂದು ವಾರದಲ್ಲಿ, ಕೋಣೆಯ ಟ್ಯೂಬ್‌ಲೈಟು ಸುಮಾರು ಮೂರು ವರ್ಷದಲ್ಲಿ ಚಿಪ್ಪನ್ನು ಅಳಿಸಬಲ್ಲದು.

ಇಷ್ಟೆಲ್ಲ ಆದ ಮೇಲೆ ಮತ್ತೆ ಬರೆಯಬೇಕು. ಪ್ರತಿ ಬೈಟ್‌ಗೆ 50 ಮಿಲಿಸೆಕೆಂಡ್‌ನಂತೆ 2716ಗೆ ಒಂದೂ ಮುಕ್ಕಾಲು ನಿಮಿಷ, ಅದೇ ವೇಗದಲ್ಲಿ 2764ಗೆ ಏಳು ನಿಮಿಷದಷ್ಟು. ಒಂದು ತಿದ್ದುಪಡಿಗೆ ಅರ್ಧ ಗಂಟೆ ಹಿಡಿಯುವಾಗ ಎಂಜಿನಿಯರ್‌ಗಳು ಹಲವು ಚಿಪ್ ಇಟ್ಟುಕೊಂಡು ಒಂದು ಯಂತ್ರದಲ್ಲಿ, ಒಂದು ಎರೇಸರ್‌ನಲ್ಲಿ ಎಂದು ಸರದಿ ಮಾಡುತ್ತಿದ್ದರು. ಬರೆಯುವ ಮುನ್ನ ಕಾಗದದ ಮೇಲೆ ಪ್ರೋಗ್ರಾಮನ್ನು ಮತ್ತೊಮ್ಮೆ ಓದುವ ಶಿಸ್ತನ್ನು ಈ ಕಾಯುವಿಕೆಯೇ ಕಲಿಸಿತು. ಕರ್ನಾಟಕದ ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳಲ್ಲಿ 8085 ಮೈಕ್ರೊಪ್ರೊಸೆಸರ್ ಕಿಟ್ ಮುಂದೆ ಕೂತು ಹೆಕ್ಸ್ ಸಂಖ್ಯೆ ಒತ್ತಿದವರಿಗೂ ಈ ಚಿಪ್‌ಗಳ ನಂಟಿದೆ. ಕಿಟ್ಟನ್ನು ನಡೆಸುವ ಮಾನಿಟರ್ ಪ್ರೋಗ್ರಾಂ ಇರುತ್ತಿದ್ದುದು ಈಪ್ರೋಮ್‌ನಲ್ಲೇ.

ಎರೇಸರ್‌ನ ಕಾಲ ಮುಗಿದದ್ದು ಎರಡು ದಿಕ್ಕಿನಿಂದ. ಹೆಚ್ಚು ಸಂಖ್ಯೆಯಲ್ಲಿ ಮಾಡುವ ಸರಕಿಗೆ ಅದೇ ಸಿಲಿಕಾನನ್ನು ಕಿಟಕಿಯಿಲ್ಲದ ಅಗ್ಗದ ಪ್ಲಾಸ್ಟಿಕ್ ಹೊದಿಕೆಯಲ್ಲಿ, ಒಮ್ಮೆ ಮಾತ್ರ ಬರೆಯುವ ಚಿಪ್ ಎಂದು ಮಾರತೊಡಗಿದರು. ಇನ್ನೊಂದು ಕಡೆ ವಿದ್ಯುತ್ತಿನಿಂದಲೇ ಅಳಿಸುವ ಮೆಮೊರಿ ಬಂತು. ತೋಷಿಬಾದ ಫುಜಿಯೊ ಮಸುವೊಕಾ 1984ರಲ್ಲಿ ಫ್ಲ್ಯಾಶ್ ಮೆಮೊರಿಯನ್ನು ಲೋಕದ ಮುಂದಿಟ್ಟರು, 1988ರಲ್ಲಿ ಇಂಟೆಲ್ ತನ್ನ ಫ್ಲ್ಯಾಶ್ ಚಿಪ್ ಮಾರುಕಟ್ಟೆಗೆ ತಂದಿತು. ತೇಲುವ ಗೇಟ್ ಹಾಗೇ ಉಳಿಯಿತು, ದೀಪ ಬೇಕಿಲ್ಲವಾಯಿತು.

ಕಿಟಕಿಯ ಚಿಪ್‌ಗಳು ಹಳೆಯ ಅಳತೆ ಉಪಕರಣ, ಸಿಂಥಸೈಜರ್, ಕಾರ್ಖಾನೆಯ ನಿಯಂತ್ರಣ ಯಂತ್ರಗಳಲ್ಲಿ ಇಂದಿಗೂ ಕೆಲಸ ಮಾಡುತ್ತಿವೆ. ಅವುಗಳಲ್ಲಿನ ಎಷ್ಟೋ ಪ್ರೋಗ್ರಾಂಗಳಿಗೆ ಬೇರೆಲ್ಲೂ ಪ್ರತಿಯಿಲ್ಲ. ಎಲೆಕ್ಟ್ರಾನ್‌ಗಳು ನಿಧಾನವಾಗಿ ಸೋರುತ್ತಲೇ ಇರುತ್ತವೆ. ಅಂಥ ಯಂತ್ರ ಕೈಯಲ್ಲಿರುವವರು ಚಿಪ್ ಮೇಲಿನ ಚೀಟಿ ಕೀಳದೆ, ಒಳಗಿನದನ್ನು ಈಗಲೇ ಓದಿಸಿ ನಕಲು ತೆಗೆದಿಡಬೇಕು.